ಇಂಗ್ಲೆಂಡಿನಲ್ಲಿ ಮನೆಗೆ ಹೆಸರಿಡುವ ಮುನ್ನ: ಕೌನ್ಸಿಲ್ ಏನು ಕೇಳುತ್ತದೆ, ಯಾಕೆ ಕೇಳುತ್ತದೆ

ಮೊದಲು ನಿಮ್ಮ ಮನೆಗೆ ನಂಬರ್ ಇದೆಯಾ ನೋಡಿಕೊಳ್ಳಿ. ಯಾವ ಹೆಸರು ಅನ್ನೋದು ಆಮೇಲಿನ ಮಾತು. ಕೆಲಸ ಸುಲಭವೋ ಕಷ್ಟವೋ, ಪುಕ್ಕಟೆಯೋ ದುಡ್ಡು ಕಟ್ಟಬೇಕೋ, ಎಲ್ಲವೂ ಈ ಒಂದು ವಿಷಯದ ಮೇಲೆ ನಿಂತಿದೆ.

ನಾನು ತೀರ್ಥಹಳ್ಳಿ ಕಡೆಯವಳು. ಈಗ ಇರುವುದು ಆಕ್ಸ್‌ಫರ್ಡ್‌ಷೈರಿನ ಒಂದು ಸಣ್ಣ ಹಳ್ಳಿಯಲ್ಲಿ. ನಮ್ಮ ರಸ್ತೆಯಲ್ಲಿ ಎದುರಿನಿಂದ ಇನ್ನೊಂದು ಕಾರು ಬಂದರೆ ಯಾರಾದರೂ ಒಬ್ಬರು ಹಿಂದೆ ಸರಿಯಬೇಕು, ಅಷ್ಟು ಕಿರಿದು. ಅಲ್ಲಿ ಯಾವ ಮನೆಗೂ ನಂಬರ್ ಇಲ್ಲ, ಎಲ್ಲವಕ್ಕೂ ಹೆಸರೇ. ನಾವು ಕೊಂಡ ಮನೆಯ ಹೆಸರು ರೋಸ್ ಕಾಟೇಜ್ ಅಂತಿತ್ತು. ಹುಡುಕಿದರೂ ಒಂದು ಗುಲಾಬಿ ಗಿಡ ಇರಲಿಲ್ಲ. ಆ ಹೆಸರು ತೆಗೆದು 'ತುಂಗಾ' ಅಂತ ಮಾಡಿಕೊಂಡೆವು. ಅಂದಿನಿಂದ ಯುಗಾದಿ, ದೀಪಾವಳಿಗೆ ಕನ್ನಡದವರು ಸೇರಿದಾಗಲೆಲ್ಲ ಯಾರಾದರೂ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ, "ಅಕ್ಕಾ, ನಾವೂ ಹೊಸ ಮನೆ ತಗೊಂಡ್ವಿ, ಹೆಸರಿಡೋಕೆ ಏನ್ ಮಾಡ್ಬೇಕು?" ಪ್ರತಿ ಸಲ ಬಿಸಿಬೇಳೆಬಾತಿನ ತಟ್ಟೆ ಕೈಯಲ್ಲಿ ಹಿಡಿದು ಹೇಳುವುದಕ್ಕಿಂತ ಒಂದು ಸಲ ಬರೆದಿಡುವುದೇ ವಾಸಿ.

ನಂಬರ್ ಇರುವ ಮನೆ

ರೀಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಇರುವ ನಮ್ಮವರಲ್ಲಿ ಹೆಚ್ಚಿನವರದ್ದು ನಂಬರ್ ಇರುವ ಮನೆ. ನಿಮ್ಮದೂ ಹಾಗೇ ಆಗಿದ್ದರೆ ತಲೆಬಿಸಿ ಕಡಿಮೆ. ನಂಬರಿನ ಜೊತೆಗೆ ಒಂದು ಹೆಸರು ಸೇರಿಸಿಕೊಳ್ಳಬಹುದು. 24ನೇ ನಂಬರಿನ ಮನೆಗೆ 'ಕಾವೇರಿ' ಅಂತ ಫಲಕ ಹಾಕಿದರೆ ಸಾಮಾನ್ಯವಾಗಿ ಯಾರೂ ಬಂದು ಕೇಳುವುದಿಲ್ಲ. ಕೆಲವು ಕೌನ್ಸಿಲ್‌ಗಳು (ನಮ್ಮ ಪುರಸಭೆ, ಪಂಚಾಯಿತಿಯಂಥ ಸ್ಥಳೀಯ ಆಡಳಿತ) ಅದಕ್ಕೂ ಒಂದು ಅರ್ಜಿ ಕೇಳುತ್ತವೆ, ಕೆಲವು ಕೇಳುವುದಿಲ್ಲ. ನಿಮ್ಮ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ನೋಡಿಬಿಡಿ, ಐದು ನಿಮಿಷದ ಕೆಲಸ.

ಆದರೆ ನಂಬರ್ ತೆಗೆಯುವ ಹಾಗಿಲ್ಲ. ಇದರಲ್ಲಿ ಯಾವ ಕೌನ್ಸಿಲ್ಲೂ ರಾಜಿಯಾಗುವುದಿಲ್ಲ. ಫಲಕದಲ್ಲೂ ನಂಬರ್ ಕಾಣಬೇಕು, ಪತ್ರದ ವಿಳಾಸದಲ್ಲೂ ನಂಬರ್ ಬರೆಯಬೇಕು. ಹೆಸರು ಅದರ ಪಕ್ಕದಲ್ಲಿ ಅಲಂಕಾರಕ್ಕೆ. ಅರ್ಜಿ ಹಾಕಿದರೂ ಇಲ್ಲಿಯ ಅಂಚೆ ಸಂಸ್ಥೆ ರಾಯಲ್ ಮೇಲ್ ಆ ಹೆಸರನ್ನು ಅಡ್ಡಹೆಸರು ಅಂತಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಆನ್‌ಲೈನಿನಲ್ಲಿ ಪೋಸ್ಟ್‌ಕೋಡ್ ಹೊಡೆದಾಗ ಬರುವ ಪಟ್ಟಿಯಲ್ಲಿ ನಿಮ್ಮ 'ಕಾವೇರಿ' ಕಾಣದೇ ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮವರ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಮನೆ ನಂಬರ್ ಕೂಡಿದರೆ ಎಂಟು ಬರುತ್ತದೆ, ಅಥವಾ ಹದಿಮೂರೇ ಸಿಕ್ಕಿದೆ, ಹೆಸರಿಟ್ಟು ನಂಬರ್ ಮುಚ್ಚಿಬಿಡಬಹುದಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಹದಿಮೂರರ ಭಯ ಇಂಗ್ಲಿಷರಿಗೂ ಇದೆ, ಹೊಸ ಬಡಾವಣೆಗಳಲ್ಲಿ ಕೆಲವು ಕೌನ್ಸಿಲ್‌ಗಳು ಆ ನಂಬರನ್ನೇ ಬಿಟ್ಟು ಮುಂದೆ ಹೋಗುತ್ತವೆ. ಆದರೆ ಒಮ್ಮೆ ಕೊಟ್ಟ ನಂಬರನ್ನು ಅದೃಷ್ಟದ ಕಾರಣಕ್ಕೆ ಬದಲಿಸುವುದಿಲ್ಲ ಅಂತ ಅನೇಕ ಕೌನ್ಸಿಲ್‌ಗಳು ನಿಯಮಾವಳಿಯಲ್ಲೇ ಬರೆದಿಟ್ಟಿವೆ. ಸಂಖ್ಯಾಶಾಸ್ತ್ರ ನೋಡುವವರು ಮನೆ ಕೊಳ್ಳುವ ಮುಂಚೆಯೇ ನೋಡಿಕೊಳ್ಳಬೇಕು.

ಬರೀ ಹೆಸರಿನ ಮೇಲೆ ನಿಂತ ಮನೆ

ನಂಬರ್ ಇಲ್ಲದ ಮನೆಗೆ ಹೆಸರೇ ವಿಳಾಸ. ಅದನ್ನು ಬದಲಿಸುವುದೆಂದರೆ ವಿಳಾಸವನ್ನೇ ಬದಲಿಸಿದ ಹಾಗೆ. ಕೌನ್ಸಿಲ್‌ಗೆ ಅರ್ಜಿ ಹಾಕಲೇಬೇಕು, ಒಪ್ಪಿಗೆ ಬರುವ ತನಕ ಹೊಸ ಹೆಸರು ಬಳಸಬಾರದು. ಫಲಕ ಮಾಡಿಸಲು ಆರ್ಡರ್ ಕೂಡ ಕೊಡಬೇಡಿ.

ಊರಲ್ಲಿ ನಮಗೆ ಇದರ ಅಭ್ಯಾಸ ಇಲ್ಲ ನೋಡಿ. ಗೃಹಪ್ರವೇಶಕ್ಕೆ ಮುಂಚೆ ಗ್ರಾನೈಟ್ ಕಲ್ಲಿನಲ್ಲಿ ಹೆಸರು ಕೆತ್ತಿಸಿ ಕಾಂಪೌಂಡಿಗೆ ಕೂರಿಸಿದರೆ ಮುಗಿಯಿತು. ಪುರಸಭೆಗೆ ಬೇಕಾಗಿರುವುದು ಖಾತೆ ನಂಬರ್, ಹೆಸರು 'ಮಾತೃಕೃಪಾ' ಇದ್ದರೇನು, 'ಶ್ರೀನಿಧಿ' ಇದ್ದರೇನು. ಒಂದೇ ಬೀದಿಯಲ್ಲಿ ಎರಡು 'ಮಾತೃಕೃಪಾ' ಇದ್ದರೂ ಪೋಸ್ಟ್‌ಮ್ಯಾನ್ ಮನೆಯವರ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಾನೆ. ಇಲ್ಲಿ ಹಾಗಲ್ಲ. ಇಲ್ಲಿ ವಿಳಾಸ ಅಂದರೆ ದಾಖಲೆ.

ಆ ದಾಖಲೆ ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡರೆ ಉಳಿದ ನಿಯಮಗಳೆಲ್ಲ ತಾವಾಗೇ ಅರ್ಥವಾಗುತ್ತವೆ. ಪ್ರತಿ ಕೌನ್ಸಿಲ್ ತನ್ನ ವ್ಯಾಪ್ತಿಯ ಎಲ್ಲ ಕಟ್ಟಡ, ನಿವೇಶನಗಳ ಒಂದು ಪಟ್ಟಿ ಇಟ್ಟಿರುತ್ತದೆ. ಗೆಜೆಟಿಯರ್ ಅನ್ನುತ್ತಾರೆ. ಅದರಲ್ಲಿ ಪ್ರತಿ ಆಸ್ತಿಗೂ ಯುಪಿಆರ್‌ಎನ್ ಎಂಬ ಒಂದು ಗುರುತಿನ ಸಂಖ್ಯೆ, ಹೆಚ್ಚೆಂದರೆ 12 ಅಂಕಿ. ಮನೆಯ ಹೆಸರು ಬದಲಾದರೂ ಇದು ಬದಲಾಗುವುದಿಲ್ಲ. ಈ ಪಟ್ಟಿಗಳೆಲ್ಲ ಸೇರಿ ಜಿಯೋಪ್ಲೇಸ್ ಎಂಬ ಸಂಸ್ಥೆಯ ಮೂಲಕ ಒಂದು ರಾಷ್ಟ್ರೀಯ ಪಟ್ಟಿ ಆಗುತ್ತದೆ. ಇನ್ನೊಂದು ಕಡೆ ರಾಯಲ್ ಮೇಲ್‌ನ ಪಟ್ಟಿ, ಅದರಲ್ಲಿ 3 ಕೋಟಿಗೂ ಹೆಚ್ಚು ವಿಳಾಸ. ಬ್ಯಾಂಕು, ಇನ್ಶೂರೆನ್ಸು, ಆನ್‌ಲೈನ್ ಅಂಗಡಿಗಳು ನೋಡುವುದು ಸಾಮಾನ್ಯವಾಗಿ ಇದನ್ನೇ. ತುಂಬ ಜನ ಮನೆಗೆ ಹೆಸರು ಕೊಡುವವರು ರಾಯಲ್ ಮೇಲ್‌ನವರು ಅಂದುಕೊಂಡಿದ್ದಾರೆ. ಅಲ್ಲ. ಅವರು ಪೋಸ್ಟ್‌ಕೋಡ್ ಮಾತ್ರ ಕೊಡುತ್ತಾರೆ. ಹೆಸರು ಒಪ್ಪುವ ಅಧಿಕಾರ ಕೌನ್ಸಿಲ್‌ನದ್ದು, ಕೌನ್ಸಿಲ್ ತಿಳಿಸಿದ ಮೇಲೆ ರಾಯಲ್ ಮೇಲ್ ತನ್ನ ಪಟ್ಟಿ ತಿದ್ದುತ್ತದೆ. ನೇರವಾಗಿ ಅವರಿಗೆ ಫೋನ್ ಮಾಡಿದರೆ ಕೌನ್ಸಿಲ್ ಕಡೆ ಬೆರಳು ತೋರಿಸುತ್ತಾರೆ.

ಒಂದು ಪೋಸ್ಟ್‌ಕೋಡಿಗೆ ಸರಾಸರಿ 15 ಮನೆ. ಪೇಟೆಯಲ್ಲಿ ಅಷ್ಟೂ ಮನೆ ಒಂದೇ ಸಾಲಿನಲ್ಲಿ ಸಿಕ್ಕಿಬಿಡುತ್ತವೆ. ಹಳ್ಳಿಯಲ್ಲಿ ಒಂದು ಪೋಸ್ಟ್‌ಕೋಡ್ ಅಂದರೆ ಮೈಲುಗಟ್ಟಲೆ ಬೇಲಿ, ಹೊಲ, ನಡುನಡುವೆ ಅಲ್ಲೊಂದು ಇಲ್ಲೊಂದು ಮನೆ. ಸ್ಯಾಟ್‌ನ್ಯಾವ್ ಆ ಪೋಸ್ಟ್‌ಕೋಡಿನ ನಡುಮಧ್ಯಕ್ಕೆ ತಂದು ಬಿಟ್ಟು "ತಲುಪಿದಿರಿ" ಅನ್ನುತ್ತದೆ. ಅಲ್ಲಿಂದ ಮುಂದೆ ಹೆಸರೇ ಗತಿ.

ಹಾಗಾಗಿ ಕೌನ್ಸಿಲ್‌ನವರು ಅರ್ಜಿ ಓದುವಾಗ ನಿಮ್ಮ ಅಭಿರುಚಿ ನೋಡುವುದಿಲ್ಲ. ಮಳೆ ಸುರಿಯುವ ರಾತ್ರಿ ಎರಡು ಗಂಟೆಗೆ ಆಂಬ್ಯುಲೆನ್ಸ್ ಓಡಿಸುವ, ಈ ಊರಿಗೆ ಹಿಂದೆಂದೂ ಬರದ ಒಬ್ಬ ಡ್ರೈವರ್ ಈ ಮನೆ ಕಂಡುಹಿಡಿಯುತ್ತಾನಾ ಅಂತ ನೋಡುತ್ತಾರೆ. ನೀವೂ ಹೆಸರು ಆರಿಸುವಾಗ ಆ ಡ್ರೈವರನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಿ.

ಕಾನೂನು, ಚುಟುಕಾಗಿ

ಇಂಗ್ಲೆಂಡಿನಲ್ಲಿ ಇದಕ್ಕೆಲ್ಲ ಆಧಾರ ಎರಡು ಹಳೇ ಕಾಯ್ದೆ. ಒಂದು 1847ರ ಟೌನ್ಸ್ ಇಂಪ್ರೂವ್‌ಮೆಂಟ್ ಕ್ಲಾಜಸ್ ಆ್ಯಕ್ಟ್, ಇನ್ನೊಂದು 1925ರ ಪಬ್ಲಿಕ್ ಹೆಲ್ತ್ ಆ್ಯಕ್ಟ್. ಮನೆಗೆ ನಂಬರ್ ಹಾಕುವುದು, ಆ ನಂಬರ್ ಅಳಿಯದಂತೆ ಮನೆಯವರು ನೋಡಿಕೊಳ್ಳಬೇಕು ಅನ್ನುವುದು ವಿಕ್ಟೋರಿಯಾ ರಾಣಿಯ ಕಾಲದ ಆ ಮೊದಲನೆಯದರಲ್ಲೇ ಇದೆ. ಲಂಡನ್ ಊರೊಳಗೆ 1939ರ ಬೇರೆ ಕಾಯ್ದೆ. ಸ್ಕಾಟ್‌ಲ್ಯಾಂಡಿನಲ್ಲಿ 1982ರದ್ದು, ಉತ್ತರ ಐರ್ಲೆಂಡಿನಲ್ಲಿ 1995ರ ಆದೇಶ. ವೇಲ್ಸ್‌ನಲ್ಲಿರುವವರಿಗೆ ಒಂದು ಮಾತು: ಅಲ್ಲಿ ಹಳೇ ವೆಲ್ಷ್ ಹೆಸರುಗಳ ಮೇಲೆ ಜನರಿಗೆ ಬಹಳ ಅಕ್ಕರೆ. 2016ರ ಕಾನೂನಿನ ಪ್ರಕಾರ ಐತಿಹಾಸಿಕ ಸ್ಥಳನಾಮಗಳ ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದಾರೆ. ನಿಮ್ಮ ಮನೆಯ ಹಳೇ ಹೆಸರು ವೆಲ್ಷ್ ಆಗಿದ್ದರೆ ಅದನ್ನೇ ಉಳಿಸಿಕೊಳ್ಳಿ ಅಂತ ಕೌನ್ಸಿಲ್ ಕೇಳಿಕೊಳ್ಳುವ ಸಾಧ್ಯತೆ ಇದೆ. ನನ್ನನ್ನು ಕೇಳಿದರೆ ಉಳಿಸಿಕೊಳ್ಳುವುದೇ ಮರ್ಯಾದೆ. ನಮ್ಮೂರ ಹೆಸರನ್ನು ಯಾರೋ ಬಂದು ಬದಲಿಸಿದರೆ ನಮಗೆ ಉರಿಯುವುದಿಲ್ವಾ?

ಅಂದ ಹಾಗೆ, ಮನೆಗೆ ನಂಬರ್ ಹಾಕುವ ಪದ್ಧತಿಯೇ ಇಲ್ಲಿ ಅಷ್ಟೇನೂ ಹಳೇದಲ್ಲ. ಲಂಡನ್ನಿನ ಪ್ರೆಸ್ಕಾಟ್ ಸ್ಟ್ರೀಟಿನ ಮನೆಗಳಿಗೆ ಬೋರ್ಡಿನ ಬದಲು ನಂಬರ್ ಇತ್ತು ಅಂತ 1708ರಲ್ಲಿ ಒಬ್ಬರು ವಿಶೇಷ ಸಂಗತಿ ಅನ್ನುವ ಹಾಗೆ ಬರೆದಿಟ್ಟಿದ್ದಾರೆ.

ಯಾವ ಕೌನ್ಸಿಲ್?

ಹೊಸಬರು ಇಲ್ಲೇ ಎಡವುವುದು. ನಮ್ಮ ಕಡೆಯಂಥ ಜಾಗಗಳಲ್ಲಿ ಕೌನ್ಸಿಲ್ ಅಂದರೆ ಮೂರು ಥರ. ರಸ್ತೆ ಗುಂಡಿ, ಶಾಲೆ ನೋಡುವುದು ಕೌಂಟಿ ಕೌನ್ಸಿಲ್. ಹಳ್ಳಿಯ ಆಟದ ಮೈದಾನ, ಬೆಂಚು ನೋಡುವುದು ಪ್ಯಾರಿಷ್ ಕೌನ್ಸಿಲ್. ಮನೆ ಹೆಸರಿನ ಕೆಲಸ ಇವೆರಡರದ್ದೂ ಅಲ್ಲ, ಡಿಸ್ಟ್ರಿಕ್ಟ್ ಅಥವಾ ಬರೋ ಕೌನ್ಸಿಲ್‌ನದ್ದು. ಕಸದ ಡಬ್ಬಿ ಖಾಲಿ ಮಾಡುವವರು ಯಾರೋ ಅವರೇ ಅಂತ ನೆನಪಿಟ್ಟುಕೊಳ್ಳಿ. ಈ ಕೆಲಸಗಳನ್ನೆಲ್ಲ ಒಬ್ಬರೇ ನೋಡಿಕೊಳ್ಳುವ ಯೂನಿಟರಿ ಕೌನ್ಸಿಲ್ ಇರುವ ಕಡೆ ಈ ಗೊಂದಲ ಇಲ್ಲ. 2020ರಿಂದ ಬಕಿಂಗ್‌ಹ್ಯಾಮ್‌ಷೈರಿನ ಹೆಚ್ಚಿನ ಭಾಗದಲ್ಲಿ ಹಾಗೇ ಆಗಿದೆ.

ವೆಬ್‌ಸೈಟಿನಲ್ಲಿ 'ಹೌಸ್ ನೇಮ್' ಅಂತ ಹುಡುಕುವುದಕ್ಕಿಂತ 'ಸ್ಟ್ರೀಟ್ ನೇಮಿಂಗ್ ಅಂಡ್ ನಂಬರಿಂಗ್' ಅಂತ ಹುಡುಕಿ. ಕೌನ್ಸಿಲ್ ಒಳಗೆ ಆ ವಿಭಾಗದ ಹೆಸರೇ ಅದು. ಅದರಲ್ಲಿ ಹೆಚ್ಚಾಗಿ ಒಬ್ಬರೋ ಇಬ್ಬರೋ ಕೆಲಸ ಮಾಡುತ್ತಾರೆ, ಅವರಿಗೆ ಊರಿನ ಮನೆ ಮನೆಯೂ ಗೊತ್ತು. ಫಾರಂ ತುಂಬುವ ಮುಂಚೆ ಒಂದು ಇಮೇಲ್ ಹಾಕಿ ವಿಚಾರಿಸಿದರೆ ಚೆನ್ನಾಗಿಯೇ ಉತ್ತರ ಕೊಡುತ್ತಾರೆ.

ಯಾವ ಹೆಸರು ನಡೆಯುತ್ತದೆ, ಯಾವುದು ನಡೆಯುವುದಿಲ್ಲ

ಎಲ್ಲಕ್ಕಿಂತ ಮೊದಲನೆಯದು, ಆಸುಪಾಸಿನಲ್ಲಿ ಅದೇ ಹೆಸರು ಇರಬಾರದು. ಅದೇ ಹೆಸರು ಅಂದರೆ ಅಕ್ಷರ ಅಕ್ಷರವೂ ಅದೇ ಅಂತಲ್ಲ. ಕಿವಿಗೆ ಒಂದೇ ಥರ ಕೇಳಿಸಿದರೂ ಬೇಡ ಅನ್ನುತ್ತಾರೆ. ಓಕ್ ಕಾಟೇಜ್ ಇದ್ದರೆ ಓಕ್ ಟ್ರೀ ಕಾಟೇಜ್ ಸಿಗುವುದು ಕಷ್ಟ. ನಮ್ಮ ಹಳ್ಳಿಯಲ್ಲಿ ಈ ನಿಯಮವೆಲ್ಲ ಬಿಗಿಯಾಗುವ ಮುಂಚಿನ ಒಂದು ಆರ್ಚರ್ಡ್ ಹೌಸ್, ಒಂದು ಆರ್ಚರ್ಡ್ ಕಾಟೇಜ್ ಇವೆ. ಒಂದು ಚರ್ಚ್ ಹತ್ತಿರ, ಇನ್ನೊಂದು ಊರಾಚೆ. ಶುಕ್ರವಾರ ರಾತ್ರಿ ಊಟ ತಂದುಕೊಡುವ ಹುಡುಗರು ಬಿಸಿ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದು "ಇದು ಆರ್ಚರ್ಡಾ?" ಅಂತ ಕೇಳುತ್ತಾರೆ. ಯಾವ ಆರ್ಚರ್ಡ್ ಅಂದರೆ ಅವರಿಗೂ ಗೊತ್ತಿರುವುದಿಲ್ಲ. ಊಟವಾದರೆ ಆರಿ ಹೋಗುತ್ತದೆ, ಅಷ್ಟೇ. ಉಸಿರಾಟದ ತೊಂದರೆ ಇರುವವರು ಕಾಯುತ್ತಿದ್ದರೆ ಕಥೆ ಬೇರೆ.

ಇಲ್ಲಿ ನಮಗೊಂದು ಅನುಕೂಲ ಇದೆ. ರೋಸ್ ಕಾಟೇಜ್, ದಿ ಬಾರ್ನ್, ದಿ ಓಲ್ಡ್ ರೆಕ್ಟರಿ ಊರಿಗೊಂದಾದರೂ ಇರುತ್ತವೆ. 'ತುಂಗಾ', 'ಸಂಪಿಗೆ', 'ಕೊಡಚಾದ್ರಿ' ಇರುವುದಿಲ್ಲ. ಪಟ್ಟಿಯಲ್ಲಿ ಹೋಲುವ ಹೆಸರು ಇಲ್ಲ ಅನ್ನುವ ಒಂದು ಕಾರಣಕ್ಕೇ ಕನ್ನಡದ ಹೆಸರು ಮೊದಲ ಜರಡಿಯಲ್ಲಿ ಪಾಸಾಗಿಬಿಡುತ್ತದೆ. ಹೆಸರು ಇಂಗ್ಲಿಷಿನದ್ದೇ ಆಗಬೇಕು ಅಂತ ನಮ್ಮ ಕೌನ್ಸಿಲ್‌ನವರು ಕೇಳಲೇ ಇಲ್ಲ.

ಎರಡನೆಯದು, ಓದಲು, ಹೇಳಲು, ಬರೆಯಲು ಸುಲಭ ಇರಬೇಕು. ಇಲ್ಲಿ ನಮ್ಮ ಅನುಕೂಲ ಮುಗಿಯುತ್ತದೆ.

ನಮ್ಮ ಮಾವನವರು ಶಿವಮೊಗ್ಗದಿಂದ ಫೋನಿನಲ್ಲಿ, "ನೋಡಮ್ಮಾ, ದೇವರ ಹೆಸರು ಇದ್ರೆ ಒಳ್ಳೇದು. ಶ್ರೀ ಲಕ್ಷ್ಮೀವೆಂಕಟೇಶ್ವರ ಕೃಪಾ ಅಂತ ಇಡಿ" ಅಂದರು. ಅವರಿಗೆ ಇಲ್ಲ ಅನ್ನುವುದು ಹೇಗೆ? ನಮ್ಮ ಯಜಮಾನರು ಒಂದು ಉಪಾಯ ಮಾಡಿದರು. ಎದುರು ಮನೆಯ ಅಜ್ಜಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, "ನಾನೊಂದು ಹೆಸರು ಹೇಳ್ತೀನಿ, ಒಂದೇ ಸಲ, ಕೇಳಿಸಿದ ಹಾಗೆ ಬರೀರಿ" ಅಂದರು. ಅಜ್ಜಿ ನಿವೃತ್ತ ಟೀಚರ್, ಪೆನ್ನು ಪೇಪರ್ ಹಿಡಿದು ಕೂತರು. 'ಲಕ್ಷ್ಮೀ' ತನಕ ಹೇಗೋ ಬಂತು. ಮುಂದಿನದನ್ನು "ಅದೊಂದು ರೈಲಿನ ಹಾಗೆ ಹೊರಟುಹೋಯ್ತು" ಅಂದರು. 'ಜ್ಞಾನದೀಪ' ಅಂದಾಗ ಬಹಳ ಹೊತ್ತು ಸುಮ್ಮನಿದ್ದು "ಗ್ಯಾನ್... ಏನು?" ಅಂದರು. 'ಬೃಂದಾವನ' ಬರೆದರು, ಆದರೆ ನಾವು ಬರೆಯುವ ಸ್ಪೆಲ್ಲಿಂಗಿಗೂ ಅವರದ್ದಕ್ಕೂ ತಾಳಮೇಳ ಇಲ್ಲ. 'ತುಂಗಾ' ಒಂದೇ ಸಲಕ್ಕೆ ಸರಿಯಾಗಿ ಬರೆದರು, ಇಂಗ್ಲಿಷಿನಲ್ಲಿ ಐದೇ ಅಕ್ಷರ. ಮಾವನವರಿಗೆ ನದಿಯೂ ದೇವರೇ ಅಲ್ವಾ ಅಂದೆವು. ಒಪ್ಪಿದರು.

ಈ ಫೋನ್ ಪರೀಕ್ಷೆ ನೀವೂ ಮಾಡಿ. ತುರ್ತು ಸೇವೆಯ 999ಕ್ಕೆ ಕರೆ ಮಾಡಿದಾಗ ಆಗುವುದೂ ಇದೇ. ಗಾಬರಿಯಲ್ಲಿರುವ ಒಬ್ಬರು ಹೇಳುತ್ತಾರೆ, ಎಲ್ಲೋ ಇರುವ ಇನ್ನೊಬ್ಬರು ಕೇಳಿಸಿದಂತೆ ಟೈಪ್ ಮಾಡುತ್ತಾರೆ. ಭಾರತೀಯರಲ್ಲದ ಒಬ್ಬರ ಮೇಲೆ ಪ್ರಯೋಗಿಸಿ. ನಮ್ಮವರ ಮೇಲೆ ಮಾಡಿದರೆ 'ಜ್ಯೋತಿರ್ಮಯಿ' ಕೂಡ ಪಾಸಾಗುತ್ತದೆ.

ಸ್ಪೆಲ್ಲಿಂಗನ್ನು ಒಮ್ಮೆ ಗಟ್ಟಿ ಮಾಡಿಕೊಳ್ಳಿ. ಕೊನೆಗೆ ಒಂದು 'ಎ'ನೋ ಎರಡು 'ಎ'ನೋ, ನಡುವೆ 'ಎಚ್' ಬೇಕೋ ಬೇಡವೋ ಅಂತ ಮನೆಯಲ್ಲೇ ಜಗಳ ಮುಗಿಸಿ ಅರ್ಜಿಗೆ ಕೂರಿ. ಸಂಖ್ಯಾಶಾಸ್ತ್ರದ ಪ್ರಕಾರ ಎರಡೆರಡು ಅಕ್ಷರ ತುರುಕುವುದು ಬೇಡ. ಫೋನಿನಲ್ಲಿ ಪ್ರತಿ ಸಲ ಅದನ್ನು ವಿವರಿಸುವವರು ನೀವೇ. ಅಪಾಸ್ಟ್ರಫಿ, ಹೈಫನ್, ಚುಕ್ಕೆಗಳನ್ನೂ ಬಹಳಷ್ಟು ಕೌನ್ಸಿಲ್‌ಗಳು ಬಿಡಿ ಅನ್ನುತ್ತವೆ, ಕಂಪ್ಯೂಟರುಗಳಿಗೆ ಅವು ಆಗಿಬರುವುದಿಲ್ಲ.

ಇನ್ನು ಉಳಿದವು. ಬೈಗುಳ, ಅಶ್ಲೀಲ, ಯಾರನ್ನಾದರೂ ಹೀಗಳೆಯುವ ಹೆಸರು ನಡೆಯುವುದಿಲ್ಲ, ಇದನ್ನು ಹೇಳಬೇಕಾಗಿಯೂ ಇಲ್ಲ. ಆದರೆ ಕನ್ನಡದಲ್ಲಿ ಚೆಂದ ಇರುವ ಒಂದು ಪದ ಇಂಗ್ಲಿಷಿನವರ ಬಾಯಲ್ಲಿ ಏನಾಗುತ್ತದೆ ಅಂತ ಜೋರಾಗಿ ಹೇಳಿ ನೋಡಿ. ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಿದ್ದರೆ ಅವರನ್ನು ಕೇಳಿ, ನಕ್ಕರೆ ಆ ಹೆಸರು ಬೇಡ. ವ್ಯಾಪಾರದ ಜಾಹೀರಾತಿನಂತೆ ಕಾಣುವ ಹೆಸರಿಗೂ ಒಪ್ಪಿಗೆ ಸಿಗುವುದಿಲ್ಲ. ಮನೆಯಿಂದಲೇ ಊಟದ ಡಬ್ಬಿ ಮಾಡಿ ಕೊಡುತ್ತೀರಿ ಅಂತ ಮನೆಗೆ 'ಉಡುಪಿ ಕಿಚನ್' ಅಂತ ಹೆಸರಿಡಲು ಹೊರಟರೆ ಅರ್ಜಿ ವಾಪಸ್ ಬರುತ್ತದೆ. 'ರಾಯಲ್', 'ಕ್ವೀನ್' ಥರದ ರಾಜಮನೆತನದ ಪದ ಬಳಸಬೇಕಾದರೆ ಮೇಲಿನಿಂದ ಬೇರೆ ಅನುಮತಿ ಬೇಕು, ಆ ತಂಟೆಗೆ ಹೋಗದಿರುವುದೇ ಒಳ್ಳೆಯದು. ಬದುಕಿರುವ ವ್ಯಕ್ತಿಯ ಹೆಸರು ರಸ್ತೆಗೆ, ದೊಡ್ಡ ಕಟ್ಟಡಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಮನೆಗೆ ಅಮ್ಮನ ಹೆಸರಿಡುವುದಕ್ಕೆ ಯಾರೂ ಅಡ್ಡಿ ಮಾಡಿದ್ದು ನಾನು ಕೇಳಿಲ್ಲ.

ಇಲ್ಲದ್ದನ್ನು ಇದೆ ಅನ್ನುವ ಹೆಸರುಗಳೂ ತೊಡಕು. ಗಿರಣಿಯೇ ಇಲ್ಲದ ಕಡೆ 'ಓಲ್ಡ್ ಮಿಲ್' ಅಂದರೆ ಡ್ರೈವರ್ ಗಿರಣಿ ಹುಡುಕುತ್ತಾನೆ. ಹಾಗೇ ಹೆಸರಿನ ಕೊನೆಗೆ 'ರೋಡ್', 'ಲೇನ್', 'ಕ್ಲೋಸ್' ಬಂದರೆ ಅದು ಮನೆಯೋ ಬೀದಿಯೋ ತಿಳಿಯುವುದಿಲ್ಲ.

ಗಂಡ ಹೆಂಡತಿ ಹೆಸರು ಸೇರಿಸಿ ಒಂದು ಹೆಸರು ಹೊಸೆಯುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಸುಮಾ ಮತ್ತು ರವಿ ಸೇರಿ 'ಸುರವಿ' ಅಂತ ನಮ್ಮೂರಲ್ಲಿ ಬೇಕಾದಷ್ಟಿವೆ. ಇಂಗ್ಲಿಷರೂ ಅದನ್ನೇ ಮಾಡುತ್ತಾರೆ. ತಿರುಗಾಟ ಮುಗೀತು ಅನ್ನುವ ಅರ್ಥದ 'ಡನ್‌ರೋಮಿನ್' ಅಂತೂ ಇಲ್ಲಿಯ ಹಳೇ ಜೋಕು. ಇವಕ್ಕೆ ನಿಯಮದ ಅಡ್ಡಿ ಇಲ್ಲ.

ಫ್ಲ್ಯಾಟು, ದೊಡ್ಡ ಕಟ್ಟಡ, ಹಿತ್ತಲ ಮನೆ

ಫ್ಲ್ಯಾಟಿನಲ್ಲಿ ಇರುವವರು ಕಟ್ಟಡದ ಹೆಸರು ಮುಟ್ಟುವ ಹಾಗಿಲ್ಲ, ಅದು ಜಾಗದ ಮಾಲೀಕರ ಕೆಲಸ. ಕಟ್ಟಿಸುವವರಿಗೆ ಬೇರೆ ನಿಯಮ ಇವೆ. ಹೆಸರಿನ ಕೊನೆಗೆ ಹೌಸ್, ಕೋರ್ಟ್, ಅಪಾರ್ಟ್‌ಮೆಂಟ್ಸ್ ಥರದ ಒಂದು ಪದ ಬರಬೇಕು. ಟವರ್, ಹೈಟ್ಸ್ ಬಳಸಲು ಕಟ್ಟಡ ನಿಜಕ್ಕೂ ಎತ್ತರ ಇರಬೇಕು. ಒಳಗಿನ ಫ್ಲ್ಯಾಟುಗಳಿಗೆ ಎ, ಬಿ, ಸಿ ಬದಲು 1, 2, 3 ಅಂತ ನಂಬರ್ ಕೊಡಿ ಅನ್ನುವ ಕೌನ್ಸಿಲ್‌ಗಳೇ ಜಾಸ್ತಿ.

ಅತ್ತೆ ಮಾವ ಬಂದಾಗ ಇರಲಿ ಅಂತ ಹಿತ್ತಲಲ್ಲಿ ಅನೆಕ್ಸ್ ಕಟ್ಟಿಸುವವರು ಜಾಗ್ರತೆ. ಅದಕ್ಕೆ ಚೆಂದದ ಬೇರೆ ಹೆಸರಿಟ್ಟು ಬೇರೆ ವಿಳಾಸ ಮಾಡಲು ಹೊರಟರೆ ಪ್ಲಾನಿಂಗ್‌ನವರು, ಕೌನ್ಸಿಲ್ ಟ್ಯಾಕ್ಸ್‌ನವರು ಇಬ್ಬರೂ ಎದ್ದು ಕೂರುತ್ತಾರೆ. ಮುಖ್ಯ ಮನೆಯ ಹೆಸರಿನ ಜೊತೆಗೆ 'ಅನೆಕ್ಸ್' ಅಂತಿದ್ದರೆ ಸಾಕು.

ಅರ್ಜಿ

ಅರ್ಜಿ ಹಾಕುವವರು ಮನೆಯ ಮಾಲೀಕರಾಗಿರಬೇಕು. ಬಾಡಿಗೆಗೆ ಇರುವವರಿಗೆ ಆಗುವುದಿಲ್ಲ. ಮನೆ ಕೊಳ್ಳುತ್ತಿರುವವರು ವ್ಯವಹಾರ ಪೂರ್ತಿ ಮುಗಿಯುವ ತನಕ ಕಾಯುವುದು ಒಳ್ಳೆಯದು.

ಫಾರಮ್ಮಿನಲ್ಲಿ ಈಗಿನ ವಿಳಾಸ, ಹೊಸ ಹೆಸರು, ಅದು ಸಿಗದಿದ್ದರೆ ಎರಡನೇ ಮೂರನೇ ಆಯ್ಕೆ ಕೇಳುತ್ತಾರೆ. ಆ ಖಾನೆಗಳನ್ನು ಸುಮ್ನೆ ತುಂಬಿಸಲು ಏನಾದರೂ ಬರೆಯಬೇಡಿ. ಮೊದಲನೆಯದು ಬಿದ್ದುಹೋದರೆ ಎರಡನೆಯದೇ ನಿಮ್ಮ ವಿಳಾಸ. ನಾವು 'ತುಂಗಾ', 'ಸಂಪಿಗೆ', 'ಮಲೆನಾಡು' ಅಂತ ಕೊಟ್ಟಿದ್ದೆವು. ಮೂರರಲ್ಲಿ ಯಾವುದು ಬಂದರೂ ಸಂತೋಷವೇ. ಮನೆಯ ಗಡಿಯನ್ನು ಕೆಂಪು ಗೆರೆಯಲ್ಲಿ ತೋರಿಸುವ ಒಂದು ನಕ್ಷೆಯನ್ನೂ ಕೆಲವು ಕಡೆ ಕೇಳುತ್ತಾರೆ. ಹೆಸರಿನ ಅರ್ಥ ಏನು ಅಂತ ಬರೆಯಲು ಜಾಗ ಇದ್ದರೆ ಒಂದು ಸಾಲು ಬರೆಯಿರಿ. 'ನಮ್ಮೂರ ನದಿಯ ಹೆಸರು' ಅಂತ ಬರೆದೆ, ಮತ್ತೇನೂ ಕೇಳಲಿಲ್ಲ. ಗೊತ್ತಿಲ್ಲದ ಭಾಷೆಯ ಪದ ಕಂಡಾಗ ಅದರಲ್ಲಿ ಏನೋ ಕೆಟ್ಟದ್ದು ಅಡಗಿದೆಯಾ ಅಂತ ಅವರಿಗೂ ಅನುಮಾನ ಬರುವುದು ಸಹಜ.

ಶುಲ್ಕ ಒಂದೊಂದು ಕೌನ್ಸಿಲ್‌ನಲ್ಲಿ ಒಂದೊಂದು ಥರ. 2003ರ ಲೋಕಲ್ ಗವರ್ನ್‌ಮೆಂಟ್ ಆ್ಯಕ್ಟ್ ಪ್ರಕಾರ ಇಂಥ ಸೇವೆಗೆ ಖರ್ಚಾಗುವಷ್ಟು ಹಣ ತೆಗೆದುಕೊಳ್ಳಲು ಅವರಿಗೆ ಅವಕಾಶ ಇದೆ. ಹೆಸರು ತಿರಸ್ಕಾರವಾದರೆ ಶುಲ್ಕ ವಾಪಸ್ ಬರುತ್ತದಾ ಅಂತ ಮೊದಲೇ ಓದಿಕೊಳ್ಳಿ.

ಆಮೇಲೆ ಕಾಯುವುದು. ಅವರು ಪಟ್ಟಿಯಲ್ಲಿ ಹೋಲಿಕೆ ನೋಡುತ್ತಾರೆ, ರಾಯಲ್ ಮೇಲ್‌ನವರನ್ನು, ಕೆಲವು ಕಡೆ ಅಗ್ನಿಶಾಮಕ ದಳವನ್ನು, ಪ್ಯಾರಿಷ್ ಕೌನ್ಸಿಲನ್ನು ಕೇಳುತ್ತಾರೆ. ಎಲ್ಲ ಸರಿ ಇದ್ದರೆ ಒಂದು ಪತ್ರ ಬರುತ್ತದೆ. ಇನ್ನು ಫಲಕ ಮಾಡಿಸಬಹುದು.

ಫಲಕ

ರಸ್ತೆಯಿಂದ ಕಾಣಬೇಕು, ಅದೊಂದೇ ಮುಖ್ಯ. ಮನೆ ಒಳಗೆ ದೂರದಲ್ಲಿದ್ದರೆ ಫಲಕ ಗೇಟಿನ ಹತ್ತಿರ ಇರಬೇಕು. ಬಾಗಿಲ ಮೇಲೆ ಕಂಚಿನ ಅಕ್ಷರದಲ್ಲಿ ಬರೆಸಿ, ಬೇಲಿಯಾಚೆ ನಿಂತವರಿಗೆ ಕಾಣದಿದ್ದರೆ ಏನು ಪ್ರಯೋಜನ? ಇಲ್ಲಿಯ ಬೇಲಿ ಬೇಸಿಗೆಯಲ್ಲಿ ಹೇಗೆ ಬೆಳೆಯುತ್ತದೆ ಗೊತ್ತಲ್ಲ, ಜೂನ್ ಬಂತೆಂದರೆ ಕತ್ತರಿ ಹಿಡಿದು ಫಲಕದ ಸುತ್ತ ಬಿಡಿಸುವುದು ನನ್ನದೇ ಕೆಲಸ. ಕಪ್ಪು ಸ್ಲೇಟಿನ ಮೇಲೆ ಬಿಳಿ ಅಕ್ಷರ ಕಾರಿನ ಬೆಳಕಿಗೆ ಚೆನ್ನಾಗಿ ಕಾಣುತ್ತದೆ. ಮರದ ಹಲಗೆಯ ಮೇಲೆ ಕೆತ್ತಿದ ಬಣ್ಣವಿಲ್ಲದ ಅಕ್ಷರ ನೋಡಲು ಚೆಂದ, ರಾತ್ರಿ ಕುರುಡು.

ಕನ್ನಡದಲ್ಲಿ ಬರೆಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬರೆಸಬಹುದು. ದಾಖಲೆಯಲ್ಲಿ ಇರುವ ಇಂಗ್ಲಿಷ್ ಅಕ್ಷರದ ಹೆಸರು ದೊಡ್ಡದಾಗಿ, ಸ್ಪಷ್ಟವಾಗಿ ಇರಲಿ. ಅದರ ಕೆಳಗೋ ಮೇಲೋ ಕನ್ನಡ ಹಾಕಿಸಿಕೊಳ್ಳಿ. ನಮ್ಮದರಲ್ಲಿ ಎರಡೂ ಇವೆ. ಕೆತ್ತುವವನಿಗೆ ಕನ್ನಡ ಬರದ ಕಾರಣ ಅಕ್ಷರಗಳನ್ನು ಚಿತ್ರವಾಗಿ ಕಳಿಸಿದೆ. ಟೈಪ್ ಮಾಡಿ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಎಲ್ಲೆಲ್ಲಿಗೋ ಹಾರಿ ಕೂರುತ್ತವೆ. ಮಾದರಿ ತರಿಸಿಕೊಂಡು ನೋಡಿದ ಮೇಲೇ ಕೆತ್ತಲು ಹೇಳಿ.

ಇಂಗ್ಲೆಂಡಿನಲ್ಲಿ 0.3 ಚದರ ಮೀಟರ್ ಒಳಗಿನ ಸಾಧಾರಣ ಹೆಸರಿನ ಫಲಕಕ್ಕೆ ಬೇರೆ ಅನುಮತಿ ಬೇಕಿಲ್ಲ. ಮನೆ ಲಿಸ್ಟೆಡ್ ಕಟ್ಟಡ, ಅಂದರೆ ಕಾನೂನಿನ ರಕ್ಷಣೆ ಇರುವ ಪಾರಂಪರಿಕ ಕಟ್ಟಡವಾಗಿದ್ದರೆ ಮಾತ್ರ ಗೋಡೆಗೆ ಮೊಳೆ ಹೊಡೆಯುವ ಮುಂಚೆ ಕೌನ್ಸಿಲನ್ನು ಕೇಳಿ.

ಒಪ್ಪಿಗೆ ಬಂದ ಮೇಲೆ

ಕೌನ್ಸಿಲ್‌ನವರು ರಾಯಲ್ ಮೇಲ್, ತುರ್ತು ಸೇವೆ, ಮತದಾರರ ಪಟ್ಟಿ, ಕೌನ್ಸಿಲ್ ಟ್ಯಾಕ್ಸ್ ವಿಭಾಗ ಇವಕ್ಕೆಲ್ಲ ತಾವೇ ತಿಳಿಸುತ್ತಾರೆ. ಯಾರಿಗೆಲ್ಲ ತಿಳಿಸಿದ್ದೇವೆ ಅಂತ ಪತ್ರದಲ್ಲೇ ಇರುತ್ತದೆ, ಓದಿ. ಉಳಿದದ್ದು ನಿಮ್ಮ ಪಾಲಿಗೆ. ಬ್ಯಾಂಕು, ಮನೆ ಸಾಲ ಕೊಟ್ಟವರು, ಇನ್ಶೂರೆನ್ಸು, ಗ್ಯಾಸು, ಕರೆಂಟು, ಜಿಪಿ (ನಿಮ್ಮ ಸ್ಥಳೀಯ ಡಾಕ್ಟರು), ಕೆಲಸದ ಕಡೆ, ಮಕ್ಕಳ ಶಾಲೆ. ಡ್ರೈವಿಂಗ್ ಲೈಸೆನ್ಸ್ ಮತ್ತು ಕಾರಿನ ಕಾಗದ ಮರೆಯಬೇಡಿ. ಲೈಸೆನ್ಸಿನ ವಿಳಾಸ ಬದಲಾದದ್ದು ತಿಳಿಸದಿದ್ದರೆ 1,000 ಪೌಂಡ್ ತನಕ ದಂಡ ಬೀಳಬಹುದು. ವೀಸಾದ ಮೇಲೆ ಇರುವವರು ತಮ್ಮ ಇ-ವೀಸಾ ಖಾತೆಯಲ್ಲೂ ವಿಳಾಸ ತಿದ್ದಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ವೆಬ್‌ಸೈಟುಗಳಲ್ಲಿ, ಸ್ಯಾಟ್‌ನ್ಯಾವ್‌ಗಳಲ್ಲಿ ತಿಂಗಳುಗಟ್ಟಲೆ ಹಳೇ ಹೆಸರೇ ಇರುತ್ತದೆ. ಅವರವರು ಪಟ್ಟಿ ತರಿಸಿಕೊಂಡಾಗ ಬದಲಾಗುತ್ತದೆ. ಪೋಸ್ಟ್‌ಕೋಡ್ ಅದೇ ಇರುವುದರಿಂದ ಪಾರ್ಸೆಲ್‌ಗಳು ಹೇಗೋ ಬಂದು ಸೇರುತ್ತವೆ. ಆ ದಿನಗಳಲ್ಲಿ ಹೊಸ ಫಲಕದ ಕೆಳಗೆ 'ಹಿಂದೆ ರೋಸ್ ಕಾಟೇಜ್' ಅಂತ ಒಂದು ಚಿಕ್ಕ ಪಟ್ಟಿ ಅಂಟಿಸಿದ್ದೆವು. ನಮ್ಮ ಪೋಸ್ಟ್‌ಮ್ಯಾನ್ ಹಳಬ, ಅವನಿಗೆ ಬೇಕಿರಲಿಲ್ಲ. ರಜೆಯಲ್ಲಿ ಅವನ ಬದಲಿಗೆ ಬಂದವರಿಗೆ ಬೇಕಾಯಿತು.

ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಆಸ್ತಿಯ ವಿಳಾಸ ಬದಲಾಗಿದೆಯಾ ಅಂತ ಒಮ್ಮೆ ನೀವೇ ನೋಡಿ. ಆಗಿಲ್ಲದಿದ್ದರೆ ಕೌನ್ಸಿಲ್ ಕೊಟ್ಟ ಪತ್ರದ ಪ್ರತಿ ಕಳಿಸಿ ತಿದ್ದಿಸಿಕೊಳ್ಳಬೇಕು. ಮೂಲ ಪತ್ರವನ್ನು ಮನೆ ಕಾಗದಗಳ ಜೊತೆಗೇ ಇಡಿ. ಮುಂದೆ ಮನೆ ಮಾರುವಾಗ ಹಳೇ ಕಾಗದದಲ್ಲಿ ಒಂದು ಹೆಸರು, ಹೊಸ ಕಾಗದದಲ್ಲಿ ಇನ್ನೊಂದು ಯಾಕೆ ಅಂತ ಕೊಳ್ಳುವವರ ಸಾಲಿಸಿಟರ್ ಕೇಳಿಯೇ ಕೇಳುತ್ತಾರೆ.